ಎಡಗಿವಿಯೋ, ಎಡ ಪೆಟ್ಟಿಗೆಯೋ?

ಪುಟಾಣಿಗಳೇ, ಕಳೆದ ವಾರ ಹೊಲಿಗೆ ಯಂತ್ರದ ಬೆಲ್ಟು ಬದಲಾಯಿಸುವುದನ್ನು ಬರೆದಿದ್ದೆನಲ್ಲ, ಅದನ್ನು ಓದಿ ಮೂವರು ಅಜ್ಜಿಯರು ಕಾಗದ ಹಾಕಿದ್ದಾರೆ. ಅವರಲ್ಲಿ ಒಬ್ಬರು, "ನೀವು ಮುಟ್ಟಿದ್ದೆಲ್ಲ ಸರಿಹೋಗುತ್ತದೆ ಅಂತಲೇ ಬರೆಯುತ್ತೀರಿ, ಕೆಟ್ಟದ್ದನ್ನು ಬರೆಯುವುದೇ ಇಲ್ಲ" ಎಂದು ಕುಟುಕಿದ್ದಾರೆ. ಅಮ್ಮಾ, ನಿಮ್ಮ ಮಾತು ತಲುಪಿತು. ಈ ವಾರ ನಾನೇ ಕೆಡಿಸಿದ ಒಂದು ರಿಪೇರಿಯ ಕತೆ ಹೇಳುತ್ತೇನೆ. ಅದನ್ನು ಸರಿಮಾಡಿದವಳು ಏಳನೇ ಕ್ಲಾಸು ಮುಗಿಸಿ ರಜಕ್ಕೆ ಬಂದಿದ್ದ ನನ್ನ ಮೊಮ್ಮಗಳು ಪುಟ್ಟಿ.

ನಮ್ಮ ಮನೆ ಮೈಸೂರಿನಲ್ಲಿ. ಹಾಲಿನಲ್ಲಿ ಒಂದು ಹಳೆಯ ಸ್ಟೀರಿಯೊ ಇದೆ. ಕ್ಯಾಸೆಟ್ ಡೆಕ್ಕು, ಆಂಪ್ಲಿಫೈಯರು, ಮರದ ಎರಡು ಸ್ಪೀಕರ್ ಪೆಟ್ಟಿಗೆ. ಮಗ ಹುಟ್ಟಿದ ಮೂರನೇ ವರ್ಷ ಬೋನಸ್ಸು ಬಂದಾಗ ಕೊಂಡದ್ದು. ಈಗಿನ ಮಕ್ಕಳಿಗೆ ಎರಡು ಪೆಟ್ಟಿಗೆ ಯಾಕೆ ಅನ್ನುವುದೇ ಆಶ್ಚರ್ಯ. ಮೊಬೈಲಿನ ಹೊಟ್ಟೆಯಿಂದಲೇ ಎಲ್ಲ ಹಾಡೂ ಬರುತ್ತದಲ್ಲ! ಆದರೆ ನಮಗೆ ಕಿವಿ ಎರಡು. ಎಡಗಡೆಯ ಸದ್ದು ಎಡದ ಪೆಟ್ಟಿಗೆಯಿಂದ, ಬಲಗಡೆಯದು ಬಲದ ಪೆಟ್ಟಿಗೆಯಿಂದ ಬಂದರೆ, ಕಣ್ಣು ಮುಚ್ಚಿದಾಗ ಹಾಡುವವರು ಎದುರಿಗೇ ಚಾಪೆ ಹಾಸಿ ಕೂತಂತೆ ಆಗುತ್ತದೆ. ಸ್ಟೀರಿಯೊ ಎಂದರೆ ಅಷ್ಟೇ.

ನನಗೆ ಈ ಸ್ಟೀರಿಯೊ ಬೇಕಾದದ್ದು ಮುಖ್ಯವಾಗಿ ಒಂದೇ ಒಂದು ಕ್ಯಾಸೆಟ್ಟಿಗೆ. 1989ರ ನವರಾತ್ರಿಯಲ್ಲಿ ನಮ್ಮ ಮನೆಯಲ್ಲೇ ಎರಡು ಮೈಕು ಇಟ್ಟು ರೆಕಾರ್ಡು ಮಾಡಿದ್ದು. ಎಡಗಡೆ ನನ್ನಾಕೆ ವೀಣೆ ಹಿಡಿದು ಕೂತಿದ್ದಳು, ಬಲಗಡೆ ಅವಳ ತಮ್ಮ ಕೊಳಲು ಹಿಡಿದು. ಬೊಂಬೆಗಳ ಮುಂದೆ ಮುಕ್ಕಾಲು ಗಂಟೆ ನುಡಿಸಿದರು. ಅವಳು ಹೋಗಿ ಐದು ವರ್ಷವಾಯಿತು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಆ ಕ್ಯಾಸೆಟ್ಟು ಹಾಕಿಕೊಂಡು ಕೂರುವುದು ನನ್ನ ಪದ್ಧತಿ.

ಹೋದ ದಸರಾಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಸಾಮಾನೆಲ್ಲ ಆಚೀಚೆ ಆಯಿತು. ಟೀವಿಗೆ ಜಾಗ ಬೇಕೆಂದು ಸೊಸೆ ಹೇಳಿದ್ದರಿಂದ ಎಡ ಸ್ಪೀಕರನ್ನು ಹಾಲಿನ ಬಾಗಿಲಿನ ಆ ಕಡೆಗೆ ಸರಿಸಿದೆ. ವೈರು ಸಾಲಲಿಲ್ಲ. ಮೂವತ್ತೊಂದು ವರ್ಷ ದೂರವಾಣಿ ಇಲಾಖೆಯಲ್ಲಿ ವೈರುಗಳ ನಡುವೆಯೇ ಬಾಳಿದವನು ನಾನು. ಅಟ್ಟದ ಮೇಲೆ ಜಂಪರ್ ವೈರಿನ ಸುರುಳಿ ಇತ್ತು, ಹಿಂದೊಮ್ಮೆ ಗುಜರಿಯಲ್ಲಿ ಕೊಂಡದ್ದು. ಅದರಲ್ಲಿ ಆರು ಮೀಟರು ಕತ್ತರಿಸಿ, ಹಳೆಯದಕ್ಕೆ ತಿರುಚಿ ಗಂಟು ಹಾಕಿ, ಮೇಲೆ ಟೇಪು ಸುತ್ತಿ, ಹೊಸ್ತಿಲ ಪಕ್ಕದಲ್ಲಿ ಮ್ಯಾಟಿನ ಕೆಳಗೆ ತೂರಿಸಿ ಆಚೆಗೆ ತಂದೆ. ಹಾಡು ಬಂತು. ಕೈ ಒರೆಸಿಕೊಂಡು ಕಾಫಿ ಕುಡಿದೆ.

ಸಂಕ್ರಾಂತಿ ಹೊತ್ತಿಗೆ ವೀಣೆ ಮೆಲ್ಲಗಾಯಿತು. ಶಿವರಾತ್ರಿ ಹೊತ್ತಿಗೆ ಕೊಳಲು ಮಾತ್ರ ಕೇಳುತ್ತಿತ್ತು. ವೀಣೆ ಎಲ್ಲೋ ಪಕ್ಕದ ಮನೆಯಲ್ಲಿ ನುಡಿಸಿದಂತೆ.

ನಾನು ಏನೆಂದುಕೊಂಡೆ ಗೊತ್ತೇ? ಎಡಗಿವಿ ಹೋಯಿತು ಎಂದುಕೊಂಡೆ. ವಯಸ್ಸು ಎಪ್ಪತ್ತನಾಲ್ಕು. ಅಪ್ಪನಿಗೂ ಕೊನೆಗಾಲದಲ್ಲಿ ಕಿವಿ ಕೇಳುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗ ರಜ ಹಾಕಿ ಓಡಿಬರುತ್ತಾನೆ, ಸೊಸೆ ಬೇಜಾರು ಮಾಡಿಕೊಳ್ಳುತ್ತಾಳೆ, ಆಮೇಲೆ ಎಲ್ಲರೂ ನನ್ನ ಹತ್ತಿರ ಕಿರುಚಿ ಮಾತಾಡಲು ಶುರುಮಾಡುತ್ತಾರೆ. ಕ್ಯಾಸೆಟ್ಟನ್ನು ಬೀರುವಿನಲ್ಲಿ ಅವಳ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದೆ. ಶುಕ್ರವಾರಗಳು ಸುಮ್ಮನೆ ಕಳೆದವು.

ಏಪ್ರಿಲಿನಲ್ಲಿ ಪುಟ್ಟಿ ಬಂದಳು. ಒಂದು ಮಧ್ಯಾಹ್ನ ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್ಟು ಹಾಕಿದವಳು ಅಡುಗೆಮನೆಗೆ ಬಂದು, "ತಾತ, ನಿನ್ನ ಸ್ಟೀರಿಯೊ ಅರ್ಧ ಸತ್ತುಹೋಗಿದೆ" ಎಂದಳು. ಸ್ಟೀರಿಯೊ ಸರಿಯಾಗಿಯೇ ಇದೆ ಮಗಾ ಎಂದು ಬಾಯಿಬಿಟ್ಟವನು, ಅದರ ಹಿಂದೆಯೇ ಕಿವಿಯ ವಿಷಯವನ್ನೂ ಹೇಳಿಬಿಟ್ಟೆ. ಅವಳು ನಗಲಿಲ್ಲ. "ನಿನ್ನ ಕಿವಿ ಹೋಗಿದ್ದರೆ ನನಗೆ ಯಾಕೆ ಕೇಳಿಸುತ್ತಿಲ್ಲ?" ಎಂದಳು.

ಅದೇ ಪ್ರಶ್ನೆಯನ್ನು ನಾನು ಮೊದಲೇ ಪಕ್ಕದ ಮನೆಯವರಿಗಾದರೂ ಕೇಳಬಹುದಿತ್ತು.

ಆದರೂ ಅವಳು ಪರೀಕ್ಷೆ ಮಾಡಿಯೇ ತೀರಬೇಕೆಂದಳು. ಮೊದಲು ಆಂಪ್ಲಿಫೈಯರಿನ ಬ್ಯಾಲೆನ್ಸ್ ಗುಂಡಿ ನಟ್ಟನಡುವೆ ಇದೆಯೇ ನೋಡಿದಳು. ಇತ್ತು. ಆಮೇಲೆ ನನ್ನ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂರಿಸಿದಳು. ಈಗ ಹಾಡು ನನ್ನ ಎಡಗಡೆಯಿಂದ ಬಂತು! ಅಂದರೆ ಮಂಕಾದದ್ದು ನನ್ನ ಜೊತೆ ತಿರುಗಲಿಲ್ಲ, ಕೋಣೆಯಲ್ಲೇ ಉಳಿಯಿತು. ತಪ್ಪು ಕಿವಿಯದಲ್ಲ. ಅಜ್ಜ ಅಜ್ಜಿಯರೇ, ಈ ಕುರ್ಚಿ ತಿರುಗಿಸುವ ಪರೀಕ್ಷೆಗೆ ಒಂದು ಕಾಸೂ ಬೇಡ. ಆದರೆ ಒಂದು ಮಾತು. ನಿಜವಾಗಿಯೇ ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾದರೆ ಕುರ್ಚಿ ತಿರುಗಿಸುತ್ತಾ ಕೂರಬೇಡಿ, ಅವತ್ತೇ ವೈದ್ಯರ ಹತ್ತಿರ ಹೋಗಿ. ತಡಮಾಡಿದಷ್ಟೂ ಅದು ಸರಿಹೋಗುವ ಅವಕಾಶ ಕಡಿಮೆ. ನನ್ನ ಹಾಗೆ ಗುಟ್ಟು ಮಾಡಬೇಡಿ.

ಇನ್ನು ಉಳಿದದ್ದು ಮೂವರು ಆಪಾದಿತರು: ಆಂಪ್ಲಿಫೈಯರು, ವೈರು, ಸ್ಪೀಕರ್ ಪೆಟ್ಟಿಗೆ. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಆಂಪ್ಲಿಫೈಯರಿನ ಹಿಂದೆ ಎಡದ ವೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸಿದೆವು. ಮತ್ತೆ ಹಾಕಿದರೆ ಮೂಕಾಗಿದ್ದದ್ದು ಅದೇ ಎಡ ಪೆಟ್ಟಿಗೆ. ಆಂಪ್ಲಿಫೈಯರು ನಿರಪರಾಧಿ. ಆಮೇಲೆ ಮತ್ತೆ ಆರಿಸಿ, ಎಡ ಪೆಟ್ಟಿಗೆಯನ್ನು ಇಬ್ಬರೂ ಎತ್ತಿ ತಂದು ಬಲಗಡೆಯ ಗಿಡ್ಡ ವೈರಿಗೆ ಕೊಟ್ಟೆವು. ಜೋರಾಗಿ ಹಾಡಿತು. ಪೆಟ್ಟಿಗೆಯೂ ನಿರಪರಾಧಿ. ಹೀಗೆ ಒಂದು ಸಲಕ್ಕೆ ಒಂದನ್ನು ಮಾತ್ರ ಅದಲುಬದಲು ಮಾಡಿ ನೋಡುವುದು ಯಾವ ರಿಪೇರಿಗಾದರೂ ಒಳ್ಳೆಯ ದಾರಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಪುಟ್ಟಿ ಮ್ಯಾಟು ಎತ್ತಿದಳು. ನಾನು ಹಾಕಿದ ಗಂಟಿನ ಮೇಲಿನ ಟೇಪು ಅಂಟು ಬಿಟ್ಟು ಸಡಿಲವಾಗಿತ್ತು. ಒಳಗೆ ತಾಮ್ರದ ಬಣ್ಣವೇ ಇರಲಿಲ್ಲ, ಹಸಿರು ಕಿಲುಬು. ದಿನಾ ಬೆಳಗ್ಗೆ ನೆಲ ಒರೆಸುವ ನೀರು ಅಲ್ಲಿಗೇ ಇಳಿಯುತ್ತಿತ್ತು. ಹುಣಸೆಹಣ್ಣು ಹಾಕದೆ ಬಿಟ್ಟ ತಾಮ್ರದ ಚೊಂಬು ನೆನಪಿಸಿಕೊಳ್ಳಿ, ಅದೇ ಕತೆ. "ತಾತ, ಇದನ್ನು ಯಾರು ಹಾಕಿದ್ದು?" ಎಂದು ಕೇಳಿದಳು. ಹಾಲು ಉಕ್ಕುತ್ತಿದೆ ಎಂದು ಹೇಳಿ ಒಳಗೆ ಹೋದೆ.

ಈಗ ವೈರು ಏನು ಮಾಡುತ್ತದೆ, ಎಷ್ಟು ದಪ್ಪ ಬೇಕು ಎನ್ನುವ ವಿಷಯಕ್ಕೆ ಬರೋಣ. ಬೇಸಿಗೆಯಲ್ಲಿ ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುವುದನ್ನು ನೋಡಿದ್ದೀರಲ್ಲ? ಕೊಳವೆ ಉದ್ದವಾದಷ್ಟೂ, ಸಪೂರವಾದಷ್ಟೂ ನೀರಿಗೆ ಅಡ್ಡಿ ಹೆಚ್ಚು. ವಿದ್ಯುತ್ತಿಗೂ ಹಾಗೆಯೇ. ಈ ಅಡ್ಡಿಯನ್ನು ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ರೋಧ ಎನ್ನುತ್ತಾರೆ, ಅದನ್ನು ಅಳೆಯುವುದು ಓಮ್‌ಗಳಲ್ಲಿ.

ಓಮ್ ಎನ್ನುವುದು ಒಬ್ಬ ಮೇಷ್ಟರ ಹೆಸರು. ಜಾರ್ಜ್ ಸೈಮನ್ ಓಮ್, 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ ಹುಟ್ಟಿದವರು. ಅವರ ತಂದೆ ಬೀಗ ಮಾಡುವ ಕಸುಬಿನವರು. ಶಾಲೆಗೆ ಹೆಚ್ಚು ಹೋಗದಿದ್ದರೂ ತಾವೇ ಓದಿಕೊಂಡು ಮಕ್ಕಳಿಗೆ ಗಣಿತ ಕಲಿಸಿದರಂತೆ. ಓಮ್ ಕಲೋನ್ ನಗರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಾ, ಬಿಡುವಿನಲ್ಲಿ ಬೇರೆಬೇರೆ ಉದ್ದದ ತಂತಿಗಳನ್ನು ಜೋಡಿಸಿ, ಯಾವುದರಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆಂದು ಅಳೆದರು. 1827ರಲ್ಲಿ ಪುಸ್ತಕ ಬರೆದರು. ಮೊದಮೊದಲು ಅವರ ನಾಡಿನ ಪಂಡಿತರೇ ಅದಕ್ಕೆ ಬೆಲೆ ಕೊಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟ ಮೇಲೆ ಕಣ್ಣು ತೆರೆದರು. ಬೀಗದವರ ಮಗನ ಹೆಸರು ಈಗ ಪ್ರಪಂಚದ ಪ್ರತಿಯೊಂದು ಸ್ಪೀಕರಿನ ಬೆನ್ನ ಮೇಲೂ ಇದೆ. ನಿಮ್ಮ ಮನೆಯದನ್ನು ತಿರುಗಿಸಿ ನೋಡಿ, 4, 6 ಇಲ್ಲವೇ 8 ಓಮ್ ಎಂದು ಬರೆದಿರುತ್ತದೆ. ನಮ್ಮದು 8.

ನನ್ನ ಹತ್ತಿರ ಸಾವಿರದ ಒಳಗಿನ ಒಂದು ಮಲ್ಟಿಮೀಟರು ಇದೆ. ಎಡದ ವೈರನ್ನು ಎರಡೂ ಕಡೆ ಬಿಚ್ಚಿ, ಆ ತುದಿಯಲ್ಲಿ ಎರಡೂ ಎಳೆಗಳನ್ನು ಒಂದಕ್ಕೊಂದು ಸೇರಿಸಿ, ಈ ತುದಿಯಲ್ಲಿ ಅಳೆದೆವು. 40 ಓಮ್ ತೋರಿಸಿತು. ಮ್ಯಾಟು ತುಳಿದರೆ 25, ಬಿಟ್ಟರೆ 60. ಕೋತಿಯ ಹಾಗೆ ಕುಣಿಯುತ್ತಿತ್ತು! ಪುಟ್ಟಿಗೆ ಲೆಕ್ಕ ಕೊಟ್ಟೆ. ದಾರಿಯ ವೈರಿನಲ್ಲಿ 40, ಸ್ಪೀಕರಿನಲ್ಲಿ 8, ಒಟ್ಟು 48. ಅದರಲ್ಲಿ ಸ್ಪೀಕರಿಗೆ ಸಿಗುವ ಪಾಲೆಷ್ಟು? ಆರರಲ್ಲಿ ಒಂದು. ಊಟ ತರುವವನೇ ಐದು ಪಾಲು ತಿಂದು ಒಂದು ಪಾಲು ತಂದುಕೊಟ್ಟ ಹಾಗೆ.

ಗಂಟನ್ನು ಕತ್ತರಿಸಿ ಬಿಸಾಕಿ ಹೊಸದಾಗಿ ಬೆಸುಗೆ ಹಾಕಿದ್ದರೂ ಹಾಡು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಜಂಪರ್ ವೈರೇ ತೀರ ಸಪೂರ. ಅದರೊಳಗಿನ ತಂತಿಯ ವ್ಯಾಸ ಅರ್ಧ ಮಿಲಿಮೀಟರು. ಪುಟ್ಟಿ ಪೈ ಆರ್ ಸ್ಕ್ವೇರ್ ಹಾಕಿ ವಿಸ್ತೀರ್ಣ 0.2 ಚದರ ಮಿಲಿಮೀಟರಿಗೆ ಒಂದಿಷ್ಟು ಕಡಿಮೆ ಎಂದಳು. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ ಒಂದು ಮೀಟರು ಉದ್ದವಿದ್ದರೆ ರೋಧ ಸುಮಾರು 0.017 ಓಮ್. ಈ ಒಂದು ಅಂಕಿಯನ್ನು ಬರೆದಿಟ್ಟುಕೊಳ್ಳಿ, ಉಳಿದದ್ದೆಲ್ಲ ಭಾಗಾಕಾರ ಗುಣಾಕಾರ. ಎಡ ಪೆಟ್ಟಿಗೆಗೆ ಬಾಗಿಲನ್ನು ಸುತ್ತಿ ಹೋಗಲು 9 ಮೀಟರು ಬೇಕು. ವಿದ್ಯುತ್ತು ಹೋಗಬೇಕು, ವಾಪಸೂ ಬರಬೇಕು. ಆದ್ದರಿಂದ 18 ಮೀಟರು. ಇದನ್ನು ಮರೆತು ಅರ್ಧ ಲೆಕ್ಕ ಹಾಕುವವರೇ ಹೆಚ್ಚು. ಜಂಪರ್ ವೈರಿನಲ್ಲಿ ಇದು ಒಂದೂವರೆ ಓಮ್ ಆಗುತ್ತದೆ. ವೈರಿನ ರೋಧ ಸ್ಪೀಕರಿನ ಓಮಿನಲ್ಲಿ ನೂರಕ್ಕೆ ಐದನ್ನು ಮೀರಬಾರದು ಎನ್ನುವುದು ಈ ಕೆಲಸದವರ ರೂಢಿಯ ಲೆಕ್ಕ. 8 ಓಮಿಗೆ ಅದು 0.4. ಒಂದು ಚದರ ಮಿಲಿಮೀಟರಿನ ವೈರಾದರೆ 0.31, ಒಂದೂವರೆಯದಾದರೆ 0.21. ಒಂದು ಸಾಕು, ಒಂದೂವರೆ ಧಾರಾಳ. ಸ್ಪೀಕರು 4 ಓಮಿನದಾದರೆ ಅಷ್ಟೇ ದೂರಕ್ಕೆ ಎರಡರಷ್ಟು ದಪ್ಪ ಬೇಕು. ಒಂದೆರಡು ಮೀಟರು ದೂರಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಪೇಟೆಗೆ ಹೋದೆವು. ಮೊದಲ ಅಂಗಡಿಯಲ್ಲಿ ಹಾವಿನ ಹೊರೆಯಂತಹ ನೇಯ್ಗೆ ಹೊದ್ದ ಒಂದು ಕೇಬಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅದರ ಬೆಲೆ ನಾನು ಸ್ಟೀರಿಯೊಗೆ ಕೊಟ್ಟದ್ದಕ್ಕಿಂತ ಹೆಚ್ಚು. ಅದರಲ್ಲಿ ಹಾಡು ಬೇರೆಯೇ ಕೇಳುತ್ತದೆ ಎಂದು ಹುಡುಗನೊಬ್ಬ ಹೇಳಿದ. ನಾನು ಒಪ್ಪುವುದಿಲ್ಲ. ನಮ್ಮ ಹಾಲಿನಂತಹ ಜಾಗದಲ್ಲಿ, ಸಾಕಷ್ಟು ದಪ್ಪವಿರುವ ಸಾದಾ ತಾಮ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಕಿವಿಗೆ ಸಿಕ್ಕುವಂತಹದ್ದಲ್ಲ. ಎರಡೂ ಕಡೆಯ ವೈರು ಒಂದೇ ಉದ್ದ ಇರಬೇಕು ಎನ್ನುವುದನ್ನೂ ಅವನು ಸೇರಿಸಿದ. ಅದೂ ಬೇಡ. ಹೆಚ್ಚಿನ ಏಳು ಮೀಟರು ದಾಟಲು ವಿದ್ಯುತ್ತಿಗೆ ಸೆಕೆಂಡಿನ ಕೋಟಿಯಲ್ಲೊಂದು ಭಾಗವೂ ಬೇಡ. ನಿಮ್ಮ ಕುರ್ಚಿಯನ್ನು ಒಂದು ಬೆರಳಿನಗಲ ಸರಿಸಿದರೆ ಸದ್ದು ಕಿವಿಗೆ ತಲುಪುವುದರಲ್ಲಿ ಅದರ ನೂರಾರು ಪಟ್ಟು ವ್ಯತ್ಯಾಸವಾಗುತ್ತದೆ.

ಎರಡನೆಯದು ಗಲ್ಲಿಯೊಳಗಿನ ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಅಲ್ಲಿ ಹೆಬ್ಬೆರಳಷ್ಟು ದಪ್ಪ ಕಾಣುವ, ಪಾರದರ್ಶಕ ಹೊದಿಕೆಯ ಸ್ಪೀಕರ್ ವೈರು ಕಡಲೆಕಾಯಿಯ ಬೆಲೆಗೆ ಇತ್ತು. ಪುಟ್ಟಿ ಸುರುಳಿಯನ್ನು ಕೈಯಲ್ಲಿ ಎತ್ತಿ, "ತಾತ, ಇದು ಹಗುರ" ಎಂದಳು. ನಾನು ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದೆ. ಮೇಲೆ ಕೆಂಪು, ಒಳಗೆ ಬಿಳಿ. ಅಲ್ಯುಮಿನಿಯಂ ಮೇಲೆ ತಾಮ್ರದ ಹೊದಿಕೆ! ಅಂಗಡಿಯವರು ಮರ್ಯಾದಸ್ಥರು. "ಹೌದು ಸಾರ್, ಅದು ಸಿಸಿಎ. ಕೇಳಿದವರಿಗೆ ಹೇಳಿಯೇ ಕೊಡ್ತೀನಿ. ಜಾತ್ರೆ ಮೈಕಿನವರು ಒಯ್ತಾರೆ" ಎಂದರು. ಅಜ್ಜಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿರಲಿಲ್ಲವೇ? ಕೆಲವು ಒಳ್ಳೆಯ ವೈರುಗಳಿಗೂ ತವರದ ಕಲಾಯಿ ಇರುತ್ತದೆ. ಕೆರೆದಾಗ ಮೇಲೆ ಬಿಳಿ, ಒಳಗೆ ಕೆಂಪು ಕಂಡರೆ ಅದು ಕಲಾಯಿ ಹಾಕಿದ ತಾಮ್ರ, ಕಣ್ಣು ಮುಚ್ಚಿ ಕೊಳ್ಳಿ. ಮೇಲೆ ಕೆಂಪು, ಒಳಗೆ ಬಿಳಿ ಕಂಡರೆ ಅದು ವೇಷ. ಅಲ್ಯುಮಿನಿಯಂ ತೂಕದಲ್ಲಿ ತಾಮ್ರದ ಮೂರನೇ ಒಂದು ಪಾಲೂ ಇಲ್ಲ, ಆದ್ದರಿಂದಲೇ ಪುಟ್ಟಿಯ ಕೈಗೆ ಗೊತ್ತಾಯಿತು. ರೋಧ ಮಾತ್ರ ಸುಮಾರು ಒಂದೂವರೆ ಪಟ್ಟು. ಕೆಲಸಕ್ಕೇ ಬಾರದು ಎನ್ನಲಾರೆ, ಇನ್ನೂ ದಪ್ಪದ್ದು ಕೊಂಡರೆ ನಡೆಯುತ್ತದೆ. ಆದರೆ ನಾಲ್ಕು ಸಲ ಬಗ್ಗಿಸಿದರೆ ಎಳೆ ಮುರಿಯುತ್ತದೆ. ಹೊಸ್ತಿಲ ಬಳಿ ಮತ್ತೆ ಅಂಥದ್ದನ್ನು ಹಾಕುವ ಧೈರ್ಯ ನನಗಿರಲಿಲ್ಲ.

ತಾಮ್ರದ ಜೋಡಿ ಸ್ಪೀಕರ್ ವೈರು ಇತ್ತು, ಬೆಲೆಯೂ ಪರವಾಗಿರಲಿಲ್ಲ. ಪುಟ್ಟಿ ಅಲ್ಲಿಗೆ ಬಿಡಲಿಲ್ಲ. "ನಾವೇ ಮಾಡೋಕೆ ಆಗಲ್ವಾ?" ಆಗುತ್ತದೆ. ಮನೆ ವೈರಿಂಗಿಗೆ ಹಾಕುವ ಒಂದೂವರೆ ಸ್ಕ್ವೇರ್ ಎಂ.ಎಂ. ತಾಮ್ರದ ವೈರು, ಸಣ್ಣ ಎಳೆಗಳದ್ದು, ಕೆಂಪು 14 ಮೀಟರು, ಕಪ್ಪು 14 ಮೀಟರು ಕತ್ತರಿಸಿಕೊಟ್ಟರು. ಮೀಟರಿಗೆ 22 ರೂಪಾಯಿಯಂತೆ 616. ಹೊಸೆದಾಗ ಉದ್ದ ತಗ್ಗುತ್ತದೆ, ಅದಕ್ಕೇ ಎಡಕ್ಕೆ 11, ಬಲಕ್ಕೆ 3 ಎಂದು ಕೊಂಡದ್ದು.

ಮನೆಯ ಪಕ್ಕದ ಓಣಿಯಲ್ಲಿ ಕೆಲಸ ಶುರು. ಕೆಂಪು ಕಪ್ಪು ಎರಡನ್ನೂ ಒಟ್ಟಿಗೆ ಗೇಟಿಗೆ ಕಟ್ಟಿದೆವು. ಇನ್ನೊಂದು ತುದಿಗಳನ್ನು ನನ್ನ ಹಳೆಯ ಕೈ ಡ್ರಿಲ್ಲಿನ ಬಾಯಿಗೆ ಕಚ್ಚಿಸಿದೆ. ಪುಟ್ಟಿ ಹಿಡಿ ತಿರುಗಿಸುತ್ತಾ ಹೋದಳು, ನಾನು ನಡುವೆ ನಿಂತು ವೈರು ನೆಲಕ್ಕೆ ಜೋತುಬೀಳದಂತೆ ಹಿಡಿದೆ. ಕೆಂಪು ಕಪ್ಪು ಒಂದನ್ನೊಂದು ಅಪ್ಪಿಕೊಂಡು ಜಡೆಯ ಹಾಗೆ ಹೊಸೆದುಕೊಂಡವು. ಎದುರುಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನು ರಾಯರೇ, ಈ ವಯಸ್ಸಿನಲ್ಲಿ ಹಗ್ಗ ಹೊಸೀತಾ ಇದ್ದೀರಾ?" ಎಂದರು. ಚಿಕ್ಕಂದಿನಲ್ಲಿ ನಮ್ಮೂರ ಕೆರೆಯ ಏರಿಯ ಮೇಲೆ ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿ ಕಲಿತದ್ದು ನಿಜವಾಗಿ ಕೆಲಸಕ್ಕೆ ಬಂತು. ಬಿಗಿ ಹೆಚ್ಚಾದರೆ ಬಿಟ್ಟ ತಕ್ಷಣ ಗಂಟುಗಂಟಾಗಿ ಮುದುಡಿಕೊಳ್ಳುತ್ತದೆ. ಒಂದು ಗೇಣಿಗೆ ಏಳೆಂಟು ಸುತ್ತು ಸಾಕು. ಹೊಸೆಯುವುದರಿಂದ ಹಾಡು ಸಿಹಿಯಾಗುವುದಿಲ್ಲ, ಎರಡು ವೈರು ಜೊತೆಯಾಗಿ ಇರುತ್ತವೆ, ಕಾಲಿಗೆ ತೊಡರುವುದಿಲ್ಲ, ಅಷ್ಟೇ.

ಇಲ್ಲಿ ಮಕ್ಕಳಿಗೆ ಗಟ್ಟಿಯಾಗಿ ಹೇಳಬೇಕಾದದ್ದು ಎರಡಿದೆ. ಇಂಥ ವೈರಿನ ತುದಿಗೆ ಗೋಡೆಯ ಪ್ಲಗ್ಗನ್ನು ಯಾವತ್ತೂ ಹಾಕಬಾರದು. ಯಾರಾದರೂ ತಿಳಿಯದೆ ಕರೆಂಟಿಗೆ ಚುಚ್ಚಿದರೆ ಅನಾಹುತ. ಪುಟ್ಟಿ ಎರಡೂ ತುದಿಗೆ "ಸ್ಪೀಕರ್" ಎಂದು ಬರೆದ ಚೀಟಿ ಅಂಟಿಸಿದ್ದಾಳೆ. ಇನ್ನೊಂದು, ಆಂಪ್ಲಿಫೈಯರಿನ ಪ್ಲಗ್ಗು ಕಿತ್ತ ಮೇಲೆಯೇ, ದೊಡ್ಡವರು ಪಕ್ಕದಲ್ಲಿದ್ದಾಗಲೇ ಹಿಂದುಗಡೆ ಕೈ ಹಾಕಬೇಕು. ತುದಿಯಲ್ಲಿ ಒಂದು ಸೆಂಟಿಮೀಟರು ಹೊದಿಕೆ ಸುಲಿದು, ಎಳೆಗಳನ್ನೆಲ್ಲ ಬತ್ತಿಯ ಹಾಗೆ ಬಿಗಿಯಾಗಿ ಹೊಸೆದು, ಸ್ಪ್ರಿಂಗ್ ಕ್ಲಿಪ್ಪಿನೊಳಗೆ ಪೂರ್ತಿ ತೂರಿಸಬೇಕು. ಕೂದಲೆಳೆಯಷ್ಟು ತಂತಿ ಹೊರಗೆ ಉಳಿದು ಪಕ್ಕದ್ದನ್ನು ಮುಟ್ಟಿದರೂ ಆಂಪ್ಲಿಫೈಯರು ಸುಟ್ಟುಹೋಗಬಹುದು.

ಜೋಡಿಸಿದೆವು. ಎಡ ಪೆಟ್ಟಿಗೆಯ ಕಡೆಗೆ ಪುಟ್ಟಿ, ಬಲದ್ದಕ್ಕೆ ನಾನು. ಸಿನಿಮಾ ಹಾಡು ಹಾಕಿದರೆ ಎರಡೂ ಕಡೆ ಸದ್ದು ಬಂತು, ಆದರೆ ಏನೋ ಸರಿಯಿಲ್ಲ. ತಬಲದ ದಪ್ಪ ಗುಂಕಿಯೇ ಮಾಯ. ಹಾಡುವವರು ನಡುವೆ ಕೂತಂತಿರುವುದರ ಬದಲು ತಲೆಯ ಸುತ್ತ ಎಲ್ಲೋ ತೇಲುತ್ತಿದ್ದರು. ನನಗೆ ಮತ್ತೆ ಕಿವಿಯ ಮೇಲೇ ಅನುಮಾನ! ಪುಟ್ಟಿ ನನ್ನ ಕಡೆಯ ಪೆಟ್ಟಿಗೆಯ ಹಿಂದೆ ಟಾರ್ಚು ಬಿಟ್ಟಳು. ಕ್ಲಿಪ್ಪುಗಳ ಬಣ್ಣ ಮಾಸಿ ಕೆಂಪೂ ಕಪ್ಪಾಗಿ ಕಾಣುತ್ತಿತ್ತು. ಕನ್ನಡಕ ಹಾಕದೆ ಸಿಕ್ಕಿಸಿದ್ದೆನಲ್ಲ, ಅದಲುಬದಲಾಗಿತ್ತು. ಎರಡು ಸ್ಪೀಕರುಗಳ ಕಾಗದದ ಶಂಕುಗಳು ಒಟ್ಟಿಗೆ ಮುಂದಕ್ಕೆ, ಒಟ್ಟಿಗೆ ಹಿಂದಕ್ಕೆ ಆಡಬೇಕು. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ದಪ್ಪ ಸದ್ದು ಪರಸ್ಪರ ಕಳೆದುಹೋಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಬಣ್ಣ ಅಳಿಸಿಹೋದ ಪೆಟ್ಟಿಗೆಗೆ ಒಂದು ಉಪಾಯವಿದೆ. ಆಂಪ್ಲಿಫೈಯರಿನಿಂದ ವೈರು ಬಿಚ್ಚಿ, ಆ ಎರಡು ತುದಿಗಳನ್ನು ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲಿಗೆ ಒಂದೇ ಒಂದು ಕ್ಷಣ ಮುಟ್ಟಿಸಿ. ಟಪ್ ಎಂದು ಶಬ್ದವಾಗಿ ದೊಡ್ಡ ಶಂಕು ಮುಂದಕ್ಕೆ ಹಾರಿದರೆ ಸೆಲ್ಲಿನ ಗುಬ್ಬಿ ಇರುವ ತುದಿಗೆ ಮುಟ್ಟಿಸಿದ್ದೇ ಪ್ಲಸ್. ಹಿಂದಕ್ಕೆ ಹೋದರೆ ಉಲ್ಟಾ. ಪುಟ್ಟಿ ಇದನ್ನು ಹತ್ತು ಸಲ ಮಾಡಿದಳು, ಒಂಬತ್ತು ಸಲ ಸುಮ್ಮನೆ ಮಜಕ್ಕೆ. ಆಮೇಲೆ ಉಗುರುಬಣ್ಣ ತಂದು ಪ್ಲಸ್ಸಿನ ಕ್ಲಿಪ್ಪಿಗೆ ಒಂದು ಬೊಟ್ಟು ಇಟ್ಟಳು.

ಹೊಸ ವೈರಿನ ರೋಧವನ್ನು ಸಿಕ್ಕಿಸುವ ಮುಂಚೆಯೇ ಅಳೆದಿದ್ದೆವು. ಮೀಟರು 0.5 ತೋರಿಸಿತು. ಪುಟ್ಟಿ ಮುಖ ಬಾಡಿಸಿಕೊಂಡಳು, ಲೆಕ್ಕದಲ್ಲಿ 0.21 ಬಂದಿತ್ತಲ್ಲ. ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ಮುಟ್ಟಿಸಿ ನೋಡು ಎಂದೆ. 0.3 ಬಂತು. ಅದು ಮೀಟರಿನ ಸ್ವಂತ ವೈರಿನ ರೋಧ, ಕಳೆಯಬೇಕು. ಉಳಿದದ್ದು 0.2. ಅವಳು ಓಮ್ ಮೇಷ್ಟರಿಗೆ ಒಂದು ಸಲಾಮು ಹೊಡೆದಳು.

ಅವತ್ತು ಶುಕ್ರವಾರವಾಗಿರಲಿಲ್ಲ, ಮಂಗಳವಾರ. ಆದರೂ ಬೀರು ತೆಗೆದು ಕ್ಯಾಸೆಟ್ಟು ತಂದೆ. ಅವಳ ಅಜ್ಜಿ ಹೋದಾಗ ಪುಟ್ಟಿಗೆ ಏಳು ವರ್ಷ. ಮುಖ ನೆನಪಿದೆ, ದನಿ ನೆನಪಿಲ್ಲ ಎನ್ನುತ್ತಾಳೆ. ಟೇಪು ತಿರುಗಿತು. ಮೊದಲು ಸುಮ್ಮನೆ ಸುಯ್ ಎನ್ನುವ ಸದ್ದು, ಬಲಗಡೆಯಿಂದ ಕೊಳಲಿಗೆ ಉಸಿರು ಊದಿ ನೋಡುವುದು, ಎಡಗಡೆಯಿಂದ ವೀಣೆಯ ತಂತಿ ಶ್ರುತಿ ಮಾಡುವುದು. ಅಷ್ಟರಲ್ಲಿ ಎಡ ಪೆಟ್ಟಿಗೆ ಮಾತಾಡಿತು. "ರೀ, ಆ ಫ್ಯಾನು ಆರಿಸಿ, ಸದ್ದು ಬರುತ್ತೆ."

ಪುಟ್ಟಿ ಎದ್ದುಹೋಗಿ ಫ್ಯಾನು ಆರಿಸಿ ಬಂದು ಕೂತಳು. ಏಪ್ರಿಲಿನ ಸೆಕೆ. ಮುಕ್ಕಾಲು ಗಂಟೆ ಬೆವರುತ್ತಾ ಪೂರ್ತಿ ಕೇಳಿದೆವು.

ಮರುವಾರ ಸೊಸೆ ಬಿಡದೆ ನನ್ನನ್ನು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೀ ಎಂದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಎರಡು ಕಿವಿಯೂ ಸಮ. ತೀರ ಕೀಚಲು ಸದ್ದುಗಳು ಎರಡಕ್ಕೂ ಕಡಿಮೆ ಕೇಳುತ್ತವೆ, ವಯಸ್ಸಿಗೆ ಸಹಜ ಎಂದರು. ಕುಕ್ಕರಿನ ಸೀಟಿ ಕೇಳಿಸಲಿಲ್ಲ ಎಂದು ನಾನು ಹೇಳುತ್ತಿದ್ದ ನೆಪಕ್ಕೆ ಈಗ ಕಾಗದಪತ್ರದ ಆಧಾರ ಸಿಕ್ಕಿದೆ.

ರಜ ಮುಗಿದು ಬೆಂಗಳೂರಿಗೆ ಹೊರಡುವ ದಿನ ಪುಟ್ಟಿ ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಕಾಡುತ್ತಿದೆ. "ತಾತ, ವೈರು ಹೊಸದು ಮಾಡಿದೆವು ಸರಿ. ಆ ಟೇಪೇ ಡೆಕ್ಕಿನಲ್ಲಿ ಸಿಕ್ಕಿ ಹರಿದುಹೋದರೆ?" ಮೂವತ್ತೈದು ವರ್ಷ ದಾಟಿದ ಟೇಪು ಅದು. ಡೆಕ್ಕಿನ ಹಿಂದಿನ ತೂತಿನಿಂದ ಕಂಪ್ಯೂಟರಿಗೆ ಇನ್ನೊಂದು ಬಗೆಯ ವೈರು ಎಳೆದು ಹಾಡನ್ನು ಇಳಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಪಿನ್ನು ನನ್ನ ಡಬ್ಬಿಯಲ್ಲಿ ಇಲ್ಲ. ನಾಳೆ ಅದೇ ಗಲ್ಲಿಯ ಅಂಗಡಿಗೆ ಹೋಗುತ್ತಿದ್ದೇನೆ, ಕನ್ನಡಕ ಹಾಕಿಕೊಂಡು.